ತುಂಬಿದ ಕೊಡದಲ್ಲಿ ಒಂದು ತೋಟ

ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಅಟ್ಟದ ಕಡೆಗೆ. ಸಭ್ಯರಾದವರು ಗೋಡೆಯ ಚಿತ್ರಗಳನ್ನು ನೋಡಿ ಮೆಚ್ಚುತ್ತಾರೆ, ವಿದ್ಯಾವಂತರು ಪುಸ್ತಕದ ಕಪಾಟಿನ ಮುಂದೆ ತಲೆ ಓರೆ ಮಾಡಿ ನಿಲ್ಲುತ್ತಾರೆ, ರಸಿಕರು ಅಡುಗೆಮನೆಯ ಒಗ್ಗರಣೆಯ ಜಾಡು ಹಿಡಿಯುತ್ತಾರೆ. ನಾನು ಮಾತ್ರ ಚಪ್ಪಲಿ ಬಿಡುತ್ತಲೇ ಕೊಕ್ಕರೆಯಂತೆ ಕತ್ತು ಚಾಚಿ, ಅಟ್ಟದ ಮೇಲೆ ಖಾಲಿ ರಟ್ಟಿನ ಪೆಟ್ಟಿಗೆಗಳು ಇವೆಯೋ ಇಲ್ಲವೋ ಎಂದು ನೋಡುತ್ತೇನೆ. ಟಿ.ವಿ.ಯ ಪೆಟ್ಟಿಗೆ, ಮಿಕ್ಸಿಯ ಪೆಟ್ಟಿಗೆ, ಗೋಡೆ ಗಡಿಯಾರದ ಪೆಟ್ಟಿಗೆ, ಅವುಗಳ ಹೊಟ್ಟೆಯೊಳಗೆ ಭದ್ರವಾಗಿ ಕೂತ ಬಿಳಿಯ ಥರ್ಮಾಕೋಲ್ ಅಚ್ಚುಗಳು, ಇಷ್ಟು ಕಂಡರೆ ಆ ಮನೆಯವರು ನಮ್ಮ ಜಾತಿಯವರೆಂದು ಖಾತ್ರಿ. ಗಾಬರಿಯಾಗಬೇಡಿ, ಇದು ಹುಟ್ಟಿನಿಂದ ಅಂಟಿಕೊಂಡ ಜಾತಿಯಲ್ಲ, ಹುದ್ದೆಯಿಂದ ಅಂಟಿಕೊಂಡದ್ದು. ನಾವು ವರ್ಗಾವಣೆಯವರು.

ಈ ಜಾತಿಗೂ ಒಂದು ಧರ್ಮಶಾಸ್ತ್ರವಿದೆ. ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯಕೂಡದು. ಕುಂಡದಲ್ಲಿ ಗಿಡ ಇಡಬಹುದು, ಆದರೆ ಅದಕ್ಕೆ ಹೆಸರಿಡುವಷ್ಟು ಸಲಿಗೆ ಕೊಡಕೂಡದು. ಲಾರಿಗೆ ಹತ್ತದ ಯಾವ ವಸ್ತುವನ್ನೂ ಪ್ರೀತಿಸಕೂಡದು. ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಕೊಂಡ ವಸ್ತು ಕೆಟ್ಟರೂ ಅದು ಬಂದ ಪೆಟ್ಟಿಗೆಯನ್ನು ಎಸೆಯಕೂಡದು. ನಮ್ಮ ಮನೆಯ ಹಳೆಯ ಫ್ರಿಜ್ಜು ಆಯುಷ್ಯ ಮುಗಿಸಿ ಗುಜರಿ ಸೇರಿ ಎಷ್ಟೋ ಕಾಲವಾಯಿತು. ಅದರ ಪೆಟ್ಟಿಗೆ ಮಾತ್ರ ಚಿರಂಜೀವಿಯಾಗಿ, ಒಳಗೆ ಏನೂ ಇಲ್ಲದ ದೊಡ್ಡ ಮನುಷ್ಯರ ಗಾಂಭೀರ್ಯದಿಂದ, ಊರಿಂದೂರಿಗೆ ನಮ್ಮೊಂದಿಗೆ ಪ್ರಯಾಣ ಮಾಡುತ್ತಲೇ ಇತ್ತು.

ನಾನು ದಾವಣಗೆರೆಯವಳು, ಬ್ಯಾಂಕೊಂದರಲ್ಲಿ ಅಧಿಕಾರಿ. ನಮ್ಮವರು ಮನೆಯಲ್ಲೇ ಕೂತು ಕಂಪ್ಯೂಟರಿನ ಮೂಲಕ ಎಲ್ಲೆಲ್ಲಿಯದೋ ಮಕ್ಕಳಿಗೆ ಗಣಿತ ಹೇಳಿಕೊಡುವವರಾದ್ದರಿಂದ, ನನಗೆ ಬಂದ ವರ್ಗಾವಣೆ ಅವರಿಗೂ ಬಂದ ಹಾಗೆ. ಗಣಿತ ಅವರ ವೃತ್ತಿ, ಸಾಮಾನು ಕಟ್ಟುವುದು ಅವರ ಪ್ರತಿಭೆ. ಒಂದು ಲೋಟದೊಳಗೆ ಇನ್ನೊಂದು ಲೋಟ, ಅದರೊಳಗೆ ಚಮಚ, ಚಮಚದ ಸಂದಿಯಲ್ಲಿ ಹಳೆಯ ಬನಿಯನ್ನಿನ ಚೂರು, ಹೀಗೆ ಬ್ರಹ್ಮಾಂಡವನ್ನೇ ಕಡಲೆಕಾಯಿಯ ಸಿಪ್ಪೆಯಲ್ಲಿ ಅಡಗಿಸಬಲ್ಲ ಆಸಾಮಿ. ಇಷ್ಟು ಊರು ಸುತ್ತಿದರೂ ನಮ್ಮ ಮನೆಯ ಒಂದು ಕಪ್ಪಿನ ಕಿವಿಯೂ ಮುರಿದಿಲ್ಲ ಎಂಬುದು ಅವರ ಹೆಮ್ಮೆ. ಅಟ್ಟದ ಮೇಲಿನ ಆ ಪೆಟ್ಟಿಗೆಗಳು ಅವರ ಆಸ್ತಿ, ಅವರ ಪ್ರಶಸ್ತಿ ಪತ್ರಗಳು.

ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿ ನಾವಿದ್ದಾಗ ನನಗೊಮ್ಮೆ ದವಡೆಯ ಹಲ್ಲು ನೋವು ಬಂತು. ಹಲ್ಲುನೋವು ಮನುಷ್ಯರನ್ನು ತತ್ತ್ವಜ್ಞಾನಿಗಳನ್ನಾಗಿ ಮಾಡುವುದಿಲ್ಲ, ಜಗಳಗಂಟರನ್ನಾಗಿ ಮಾಡುತ್ತದೆ. ಮೊದಲೇ ಆ ದಿಕ್ಕಿನಲ್ಲಿ ಕೊಂಚ ಒಲವಿದ್ದ ನನ್ನಂಥವಳ ಗತಿ ಕೇಳಬೇಕೆ? ವೈದ್ಯರ ಕೋಣೆಯ ಹೊರಗೆ ಕೆನ್ನೆ ಹಿಡಿದು ಕೂತಿದ್ದಾಗ ಎದುರಿಗೊಂದು ಮೀನಿನ ತೊಟ್ಟಿ. ತಳದಲ್ಲಿ ನೀಲಿ ಬಣ್ಣದ ಜಲ್ಲಿ, ನಡುವೆ ಬಾಯಿ ತೆರೆದು ಮುಚ್ಚಿ ಗುಳ್ಳೆ ಬಿಡುವ ಪ್ಲಾಸ್ಟಿಕ್ ಮೊಸಳೆ, ಸುತ್ತಲೂ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಗಿಡಗಳು. ಹೊಂಬಣ್ಣದ ಮೀನೊಂದು ಆ ಪ್ಲಾಸ್ಟಿಕ್ ಎಲೆಯನ್ನು ಕಚ್ಚಿ ನೋಡಿ ಬಿಟ್ಟಿತು. ಒಂದು ಸುತ್ತು ಹಾಕಿ ಬಂದು ಮತ್ತೆ ಕಚ್ಚಿತು, ಮತ್ತೆ ಬಿಟ್ಟಿತು. ಮೀನಿನ ನೆನಪಿನ ಬಗ್ಗೆ ಲೋಕ ಹಗುರವಾಗಿ ಮಾತಾಡುತ್ತದೆ. ನನಗೆ ಕಂಡದ್ದು ಮರೆವಲ್ಲ, ಆಸೆ. ಈ ಸಲವಾದರೂ ಎಲೆ ಎಲೆಯಾಗಿರಬಹುದು ಎಂಬ ಆಸೆ.

ಮನೆಗೆ ಬಂದು ನೋಡಿದರೆ ನಮ್ಮ ನಡುಮನೆಯಲ್ಲೂ ಒಂದು ಪ್ಲಾಸ್ಟಿಕ್ ಬಳ್ಳಿ! ಲಾರಿಯಲ್ಲಿ ಬಾಡುವುದಿಲ್ಲ, ನೀರು ಕೇಳುವುದಿಲ್ಲ, ಹಬ್ಬದ ಹಿಂದಿನ ದಿನ ಸೋಪು ಹಾಕಿ ತೊಳೆದರೆ ಹೊಸದು, ಎಂದು ಹೊಗಳಿ ಹೊಗಳಿ ನಾನೇ ಕೊಂಡುತಂದದ್ದು. ಅದನ್ನು ನೋಡುತ್ತಾ ನಿಂತ ನನಗೆ, ಮರಗಟ್ಟಿದ ದವಡೆಯಲ್ಲೂ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಬೇಡಿ. ಇಂಥ ಸಿಟ್ಟಿಗೆ ವಿಳಾಸ ಇರುವುದಿಲ್ಲ. ಜೀವಂತ ಗಿಡಗಳಿರುವ ಒಂದು ನೀರಿನ ತೋಟ ಮಾಡುತ್ತೇನೆ, ಬೇರು ಬಿಡುವಂಥದ್ದನ್ನೇ ನೆಡುತ್ತೇನೆ ಎಂದು ಅಂದೇ ಸಾರಿದೆ. ನಮ್ಮವರು ವರ್ಗಸಮೀಕರಣದ ನಡುವಿನಿಂದ ತಲೆ ಎತ್ತಿ, ಅಪ್ಪಟ ವೃತ್ತಿಪರ ಕಳವಳದಿಂದ ಕೇಳಿದರು:

“ಅಲ್ಲ ಕಣೇ, ನೀರನ್ನ ನಾನು ಹೆಂಗೆ ಪ್ಯಾಕ್ ಮಾಡ್ಲಿ?”

ಪ್ರಶ್ನೆ ಸರಿಯಾಗಿಯೇ ಇತ್ತು, ಅದಕ್ಕೇ ನಾನು ಉತ್ತರಿಸಲಿಲ್ಲ. ಉಳಿದವರ ಪ್ರಶ್ನೆಗಳಿಗೆ ಉತ್ತರಿಸುವುದು ಸುಲಭವಿತ್ತು. ಮನೆಯಿಂದ ಒಂದು ಆಟೋ ದೂರದಲ್ಲಿ ಬಂಗಾಳಕೊಲ್ಲಿಯಂಥ ಬಂಗಾಳಕೊಲ್ಲಿ ಬಿದ್ದಿರುವಾಗ ಗಾಜಿನ ಡಬ್ಬದಲ್ಲಿ ನೀರು ಯಾಕೆ ಎಂದರು ನಮ್ಮ ಶಾಖೆಯವರು. ಸಮುದ್ರಕ್ಕೆ ನನ್ನ ಅಗತ್ಯವಿಲ್ಲ, ನನ್ನ ಅಗತ್ಯವಿರುವ ನೀರು ನನಗೆ ಬೇಕು ಎಂದೆ. ಪಕ್ಕದ ಮನೆಯವರು ತೊಟ್ಟಿ ಈಶಾನ್ಯಕ್ಕಿರಲಿ ಎಂದರು. ನಮ್ಮ ಈಶಾನ್ಯದಲ್ಲಿ ಬಚ್ಚಲಿದೆ ಎಂದೆ. ಗಾಜಿನ ತೊಟ್ಟಿ ಮಾರುವ ಅಂಗಡಿಯವರು ಜೊತೆಗೆ ಮೊಸಳೆಯನ್ನು ಪುಕ್ಕಟೆ ಕೊಡುತ್ತೇವೆಂದರು. ಮೊಸಳೆಯನ್ನು ಬಿಟ್ಟು ಬಂದೆ.

ನೀರಿನ ತೋಟವೆಂದರೆ ನೀರು ತುಂಬಿ ಮೀನು ಬಿಡುವುದು ಎಂದುಕೊಂಡವರಿಗೆ ಒಂದು ಮಾತು. ಮೊದಲು ತಳಕ್ಕೆ ಜರಡಿ ಹಿಡಿದ ಮಣ್ಣು, ಮೇಲೆ ತೊಳೆದು ತೊಳೆದು ಕೈ ಸೋಲುವ ತನಕ ತೊಳೆದ ಮರಳು. ಆಮೇಲೆ ಒಂದು ಕೊರಡು. ಅದು ತೇಲಬಾರದು, ಮುಳುಗಬೇಕು, ಮುಳುಗಲು ಒಪ್ಪುವ ತನಕ ಬಕೆಟ್ಟಿನಲ್ಲಿ ನೆನೆಯಬೇಕು. ಕೊರಡಿಗೆ ದಾರದಿಂದ ಕಟ್ಟಿದ ಜಾವಾ ಫರ್ನ್ ಎಂಬ ಜರಿಗಿಡ, ಮರಳಿನಲ್ಲಿ ಊರಿದ ಇನ್ನುಳಿದವು. ಇಷ್ಟೂ ಭಾರ ಹೊತ್ತ ಗಾಜು ಸಣ್ಣ ಏರುತಗ್ಗಿಗೂ ಬಿರುಕು ಬಿಡಬಹುದಾದ್ದರಿಂದ ತೊಟ್ಟಿಯ ಕೆಳಗೆ ಮಟ್ಟಸವಾದ ಥರ್ಮಾಕೋಲ್ ಹಾಸು ಬೇಕು. ನಮ್ಮ ಟಿ.ವಿ.ಯ ಪೆಟ್ಟಿಗೆಯಲ್ಲಿ, ಪರದೆಯ ಮುಂದೆ ಇಡುವ, ಎಳ್ಳಷ್ಟೂ ಮುಕ್ಕಾಗದ ಹಾಳೆಯೊಂದಿತ್ತು. ನಮ್ಮವರು ಪಾಠದಲ್ಲಿದ್ದಾಗ ನಾನು ಸ್ಟೂಲು ಹತ್ತಿ, ಅದನ್ನಿಳಿಸಿ, ತರಕಾರಿ ಚಾಕುವಿನಿಂದ ತೊಟ್ಟಿಯ ಅಳತೆಗೆ ಕತ್ತರಿಸಿದೆ. ಥರ್ಮಾಕೋಲ್ ಕತ್ತರಿಸುವ ಶಬ್ದ ಗುಟ್ಟು ಮಾಡುವವರಿಗೆ ಅನುಕೂಲವಾದದ್ದಲ್ಲ. ಅವರು ಓಡಿ ಬಂದು, ನೆಲದ ತುಂಬ ಚೆದುರಿದ ಬಿಳಿಯ ಕಾಳುಗಳ ನಡುವೆ ನಿಂತು ನೋಡಿ, ಪಾಠಕ್ಕೆ ಮರಳಿದರು. ಆ ದಿನ ಅವರು ಊಟಕ್ಕೆ ಎರಡನೆಯ ಸಲ ಸಾರು ಹಾಕಿಸಿಕೊಳ್ಳಲಿಲ್ಲ. ಅದೇ ಅವರ ಸತ್ಯಾಗ್ರಹ.

ಆಮೇಲೆ ಶುರುವಾಯಿತು ಕಾಯುವ ಕೆಲಸ. ಮೀನಿನ ಹೊಲಸು ನೀರಿನಲ್ಲಿ ವಿಷವಾಗುತ್ತದೆ. ಅದನ್ನು ಜೀರ್ಣಿಸಿಕೊಂಡು ಗಿಡಕ್ಕೆ ಗೊಬ್ಬರವಾಗಿಸುವ, ಕಣ್ಣಿಗೆ ಕಾಣದ ಜೀವಿಗಳು ಫಿಲ್ಟರಿನ ಸ್ಪಂಜಿನಲ್ಲಿ ತಾವಾಗಿ ನೆಲೆಸಬೇಕು. ಅವು ನೆಲೆಸುವ ತನಕ ಮೀನು ಬಿಡುವಂತಿಲ್ಲ. ವಾರಗಟ್ಟಲೆ ನಮ್ಮ ನಡುಮನೆಯಲ್ಲಿ ಕೊರಡಿನ ಬಣ್ಣ ಇಳಿದು ಚಹಾದಂತಾದ ನೀರು ದೀಪದ ಕೆಳಗೆ ಬೆಳಗುತ್ತಿತ್ತು. ಬಂದವರೆಲ್ಲ ಬಗ್ಗಿ, ಇಣುಕಿ, “ಚೇಪಲು ಏವಂಡಿ?” ಎಂದು ಮೀನುಗಳನ್ನು ಹುಡುಕುವರು, ಇನ್ನೂ ಇಲ್ಲವೆಂದರೆ ನನ್ನನ್ನು ಕನಿಕರದಿಂದ ನೋಡುವರು. ನೀರು ತಿಳಿಯಾಗುವ ಹೊತ್ತಿಗೆ ಪಾಚಿ ಬಂತು, ಪಾಚಿಯ ಹಿಂದೆ ಯಾರೂ ಕರೆಯದ ಬಸವನಹುಳುಗಳು ಬಂದವು, ಕೊನೆಗೆ ಒಂದು ಬೆಳಿಗ್ಗೆ, ಎಲೆಗಳ ಅಂಚಿನಿಂದ ಮುತ್ತಿನಂಥ ಗುಳ್ಳೆಗಳು ಮೇಲೇಳುವುದು ಕಂಡಿತು. ಗಿಡ ಉಸಿರಾಡುತ್ತಿತ್ತು. ಮೊಸಳೆಯ ಬಾಯಿಂದಲ್ಲ, ಎಲೆಯಿಂದ ಬಂದ ಗುಳ್ಳೆ! ಕೆಂಪು ಚೆರಿ ಬಾರ್ಬ್ ಮೀನುಗಳನ್ನು ಆಗ ಬಿಟ್ಟೆ.

ಆ ತೋಟದಲ್ಲಿ ನನ್ನ ಅಚ್ಚುಮೆಚ್ಚಿನದು ಕ್ರಿಪ್ಟೊಕೋರಿನ್ ಎಂಬ ಉದ್ದ ಹೆಸರಿನ ಗಿಡ್ಡ ಗಿಡ. ಸಾಕಿದವರು ಕ್ರಿಪ್ಟ್ ಎನ್ನುತ್ತಾರೆ. ನಮ್ಮ ಕಡೆಯ ಹೊಳೆಗಳಲ್ಲೂ ಇದರ ದಾಯಾದಿಗಳಿವೆಯಂತೆ. ಬಣ್ಣದಲ್ಲಿ ವೈಭವವಿಲ್ಲ, ಬೆಳವಣಿಗೆಯಲ್ಲಿ ಅವಸರವಿಲ್ಲ. ಆದರೆ ಅದಕ್ಕೊಂದು ಸ್ವಭಾವವಿದೆ: ಕದಲಿಸಿದರೆ ಸಹಿಸದು. ಇಟ್ಟಲ್ಲೇ ಇಟ್ಟರೆ ಮರಳಿನಡಿಯಲ್ಲಿ ಬೇರನ್ನು ತೊಟ್ಟಿಯ ಮೂಲೆ ಮೂಲೆಗೂ ಹಾಯಿಸಿ, ದೂರದಲ್ಲೆಲ್ಲೋ ಒಂದು ಮರಿಯನ್ನು ಎಬ್ಬಿಸಿ ನಿಲ್ಲಿಸುತ್ತದೆ. ಬಂದಾಗ ಬೆರಳೆಣಿಕೆಯ ಎಲೆಗಳಿದ್ದದ್ದು, ನೋಡನೋಡುತ್ತ ಒಂದು ಪೊದೆಯೇ ಆಯಿತು. ನಾನು ಅದರ ಮುಂದೆ ಕೂತು ಕಾಫಿ ಕುಡಿಯುತ್ತಿದ್ದೆ. ನಮ್ಮವರೂ, ಮೀನಿಗೆ ಊಟ ಹಾಕಲೆಂದು ನೆಪ ಹೇಳಿಕೊಂಡು, ಪಾಠದ ಕುರ್ಚಿಯನ್ನು ತೊಟ್ಟಿಯ ಪಕ್ಕಕ್ಕೆ ಎಳೆದುಕೊಂಡಿದ್ದರು.

ಅಷ್ಟರಲ್ಲಿ ವಿಜಯವಾಡಕ್ಕೆ, ಗವರ್ನರ್‌ಪೇಟೆಯ ಶಾಖೆಗೆ, ನನ್ನ ವರ್ಗಾವಣೆಯಾಯಿತು.

ಆದೇಶ ಬಂದ ಮಧ್ಯಾಹ್ನದಿಂದಲೇ ತೊಟ್ಟಿಯನ್ನು ಯಾರಿಗೆ ಕೊಡುತ್ತೀರಿ ಎಂಬ ವಿಚಾರಣೆ ಶುರು. ಕೊಡುತ್ತೀರಾ ಎಂದಲ್ಲ, ಯಾರಿಗೆ ಎಂದು! ಸಾಮಾನು ಸಾಗಿಸುವ ಕಂಪನಿಯವರು ಬಂದು ಮನೆಯೆಲ್ಲ ಅಳೆದು, ತೊಟ್ಟಿಯ ಮುಂದೆ ನಿಂತು, “ನೀಳ್ಳು ಉಂಟೇ ಕುದರದು ಮೇಡಂ” ಎಂದು ತಲೆಯಾಡಿಸಿದರು. ನೀರಿದ್ದದ್ದು ಲಾರಿಗೆ ಹತ್ತುವುದಿಲ್ಲ ಎಂಬ ಸನಾತನ ಸತ್ಯವನ್ನು ತೆಲುಗಿನಲ್ಲಿ ಕೇಳಿ ನನ್ನ ತಲೆ ಕೆಟ್ಟಿತು. ಕೊಡುವುದಿಲ್ಲ ಎಂದೆ. ಯಾರಿಗೂ ಕೊಡುವುದಿಲ್ಲ, ಇಲ್ಲಿ ಬಿಡುವುದೂ ಇಲ್ಲ. ಖಾಲಿ ಗಾಜು ನಿಮ್ಮ ಲಾರಿಯಲ್ಲಿ ಬರಲಿ, ತೋಟ ನನ್ನ ಜೊತೆ ರೈಲಿನಲ್ಲಿ ಬರುತ್ತದೆ ಎಂದೆ. ನಮ್ಮವರು ಅನುನಯದಿಂದ, ಹೋಗಲಿ ಬಿಡೇ, ಅಲ್ಲಿ ಹೊಸದಾಗಿ ಮಾಡೋಣ ಎಂದಾಗ ಮಾತ್ರ ನಾನು ಪಂತ ಕಟ್ಟಿಬಿಟ್ಟೆ. ಕ್ರಿಪ್ಟ್ ಗಿಡ ವಿಜಯವಾಡದಲ್ಲಿ ಬದುಕಿದರೆ ಅಟ್ಟದ ಮೇಲಿನ ಪೆಟ್ಟಿಗೆಗಳೆಲ್ಲ, ಫ್ರಿಜ್ಜಿನದೂ ಸೇರಿ, ಗುಜರಿಗೆ. ಅದು ಸತ್ತರೆ, ಬೇರಿರುವ ಯಾವುದನ್ನೂ ನಾನಿನ್ನು ಮನೆಯೊಳಗೆ ತರುವುದಿಲ್ಲ. ಪ್ಲಾಸ್ಟಿಕ್ ಬಳ್ಳಿಯನ್ನೇ ತೊಳೆದುಕೊಂಡು ಆಯುಷ್ಯ ಕಳೆಯುತ್ತೇನೆ. ಆಡಿದ ಮೇಲೆ ಮಾತು ಹೆಚ್ಚಾಯಿತು ಅನಿಸಿತು. ಆದರೆ ಜಗಳಗಂಟಿಯರು ಮಾತು ಹಿಂದಕ್ಕೆ ತೆಗೆದುಕೊಂಡರೆ ಲೋಕದಲ್ಲಿ ಮಳೆ ಬೆಳೆ ಆಗುತ್ತದೆಯೇ?

ಪಂತ ಕಟ್ಟಿದ ಮೇಲೆ ನಮ್ಮವರು ಎದುರು ಪಕ್ಷದಲ್ಲಿ ನಿಲ್ಲಬೇಕಿತ್ತು. ಆದರೆ ಕಟ್ಟಲು ಬಾರದ ವಸ್ತುವೊಂದು ಜಗತ್ತಿನಲ್ಲಿದೆ ಎಂಬುದನ್ನು ಅವರ ಪ್ರತಿಭೆ ಒಪ್ಪಲಿಲ್ಲ. ಮೀನುಗಳನ್ನು ಅರ್ಧ ನೀರು ಅರ್ಧ ಗಾಳಿಯ ಚೀಲಗಳಲ್ಲಿ ಕಟ್ಟಿ, ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಅಲುಗದಂತೆ ಕೂರಿಸಿ, “ನಾಜೂಕು” ಎಂದು ಕೆಂಪಕ್ಷರದಲ್ಲಿ ಬರೆದರು. ಮಣ್ಣು ಮುಚ್ಚಳದ ಬಕೆಟ್ಟು ಸೇರಿತು. ಉಳಿದದ್ದು ಎರಡು ನಾಜೂಕಿನವು: ಬೇರುಸಹಿತ ಕಿತ್ತ ಕ್ರಿಪ್ಟ್ ಪೊದೆ, ಮತ್ತು ಎಂದೂ ಒಣಗಬಾರದ ಆ ಸ್ಪಂಜು. ಎರಡಕ್ಕೂ ಹಳೆಯ ನೀರು ತುಂಬಿದ ಪಾತ್ರೆ ಬೇಕು. ಇತ್ತ ಹೊಸ ಮನೆಗೆ ಬರಿಗೈಯಲ್ಲಿ ಕಾಲಿಡಬಾರದು, ಮನೆಯಾಕೆ ತುಂಬಿದ ಕೊಡ ಹಿಡಿದೇ ಹೊಸ್ತಿಲು ದಾಟಬೇಕು ಎಂಬುದು ನಮ್ಮತ್ತೆ ಹಾಕಿಕೊಟ್ಟ ಶಾಸ್ತ್ರ. ಅವರು ಹೋದ ಮೇಲೂ ಪ್ರತಿ ವರ್ಗಾವಣೆಯಲ್ಲಿ ಮಗ ಅದನ್ನು ತಪ್ಪಿಸಿದವರಲ್ಲ. ಹೇಗೂ ಕೊಡ ತುಂಬಿಸಲೇಬೇಕಲ್ಲ ಎಂದು ನಾನು, ಆದರೆ ತಾಮ್ರದ ಕೊಡವೇ ಆಗಬೇಕು ಎಂದು ಅವರು. ತಾಮ್ರ ನೀರಿನ ಜೀವಿಗಳಿಗೆ ವಿಷ ಎಂದು ನಾನು, ಸ್ಟೀಲಿನಲ್ಲಿ ಲಕ್ಷ್ಮಿ ಬರುವುದಿಲ್ಲ ಎಂದು ಅವರು. ಕೊನೆಗೆ ಸ್ಟೀಲಿನ ಕೊಡ ಗೆದ್ದಿತು. ವಿಶಾಖಪಟ್ಟಣದ ನಮ್ಮ ತೊಟ್ಟಿಯ ನೀರು, ತಳದಲ್ಲಿ ಸ್ಪಂಜು, ಬಾಯಿಯಿಂದ ಹೊರಕ್ಕೆ ಇಣುಕುವ ಹಸುರು ಎಲೆಗಳು. ಅದನ್ನು ಮಡಿಲಲ್ಲಿಟ್ಟುಕೊಂಡು ನಾನು ಬೆಳಗಿನ ರೈಲಿನ ಏ.ಸಿ. ಬೋಗಿಯಲ್ಲಿ ಕೂತೆ.

ಎಲೆಗಳಿರುವ ತುಂಬಿದ ಕೊಡವೊಂದು ರೈಲಿನಲ್ಲಿ ಕೂತರೆ ಅದು ಏನಾಗಿ ಕಾಣುತ್ತದೆ ಎಂಬುದು, ನೋಡಿ, ನನ್ನಂಥ ಬುದ್ಧಿವಂತೆಯ ಬುದ್ಧಿಗೆ ಹೊಳೆದೇ ಇರಲಿಲ್ಲ. ಅನಕಾಪಲ್ಲಿಯಲ್ಲಿ ಹತ್ತಿ ಎದುರಿಗೆ ಕೂತ ಅಜ್ಜಿಯೊಬ್ಬರು ಚಪ್ಪಲಿ ಬಿಟ್ಟು, ಕೊಡಕ್ಕೆ ಕೈ ಮುಗಿದು, ಮೆಲ್ಲಗೆ ಕೇಳಿದರು:

“ಏ ಗುಡಿ ನೀಳ್ಳಮ್ಮಾ?”

ಯಾವ ಗುಡಿಯದೂ ಅಲ್ಲ, ಮನೆಯ ನೀರು ಎಂದು ನನ್ನ ಬ್ಯಾಂಕಿನ ತೆಲುಗಿನಲ್ಲಿ ಹೇಳಿದೆ. ಅವರು ಅದನ್ನು ವಿನಯವೆಂದು ತಿಳಿದು ಇನ್ನಷ್ಟು ಗೌರವದಿಂದ ನೋಡಿದರು. ಸ್ಪಂಜಿನ ಸೂಕ್ಷ್ಮಜೀವಿಗಳನ್ನು ವಿವರಿಸುವಷ್ಟು ತೆಲುಗು ನನ್ನಲ್ಲಿರಲಿಲ್ಲ, ಇದ್ದಿದ್ದರೂ ಅಜ್ಜಿಯ ಭಕ್ತಿಯ ಮುಂದೆ ನಿಲ್ಲುತ್ತಿರಲಿಲ್ಲ. ರಾಜಮಂಡ್ರಿಯಲ್ಲಿ ಗೋದಾವರಿ ಬಂತು. ಆ ಸೇತುವೆಯ ಮೇಲೆ ರೈಲು ಹೋಗುವಾಗ ಹೊಳೆಗೆ ನಾಣ್ಯ ಹಾಕಿ ಕೈ ಮುಗಿಯುವುದು ಆ ಕಡೆಯವರ ರೂಢಿ. ಅಜ್ಜಿ ಸೆರಗಿನ ಗಂಟಿನಿಂದ ನಾಣ್ಯ ತೆಗೆದು ಕಿಟಕಿಯತ್ತ ತಿರುಗಿದರೆ, ಏ.ಸಿ. ಬೋಗಿಯ ಕಿಟಕಿ ತೆರೆಯುವುದೆಲ್ಲಿ? ಕೆಳಗೆ ಗೋದಾವರಿ ಹರಿದು ಹೋಗುತ್ತಿದೆ, ಕೈಯಲ್ಲಿ ನಾಣ್ಯ ಉಳಿದಿದೆ. ಅವರು ಒಂದು ಕ್ಷಣ ಗಾಜನ್ನು ನೋಡಿದರು, ಇನ್ನೊಂದು ಕ್ಷಣ ನನ್ನ ಕೊಡವನ್ನು ನೋಡಿದರು. ನೀರಿಗೆ ನೀರು ಒಂದೇ ಎಂದು ನಿರ್ಧರಿಸಿದವರಂತೆ ಆ ಹಳದಿ ನಾಣ್ಯವನ್ನು ಕೊಡದೊಳಕ್ಕೆ ಹಾಕಿ, ಹಿಂದೆಯೇ ಪುಟ್ಟ ಭರಣಿಯಿಂದ ಒಂದು ಚಿಟಿಕೆ ಕುಂಕುಮವನ್ನೂ ಏರಿಸಿಬಿಟ್ಟರು.

ನಾನು “ಅಯ್ಯಯ್ಯೋ, ಬೇಡಿ, ವದ್ದಂಡಿ!” ಎಂದು ಕಿರುಚುವುದರೊಳಗೆ ಕುಂಕುಮ ಕೆಂಪು ಹೊಗೆಯಾಗಿ ಬೇರುಗಳ ನಡುವೆ ಇಳಿದಿತ್ತು. ಹಳದಿ ನಾಣ್ಯವೆಂದರೆ ತಾಮ್ರದ ಬೆರಕೆ! ತಾಮ್ರದ ಕೊಡ ಬೇಡವೆಂದು ರಂಪ ಮಾಡಿದವಳ ಸ್ಟೀಲಿನ ಕೊಡದೊಳಕ್ಕೆ ತಾಮ್ರ ತಾನೇ ಟಿಕೆಟ್ಟು ತೆಗೆದುಕೊಂಡು ಬಂದಿತ್ತು. ಪಕ್ಕದ ಸಾಲಿನಲ್ಲಿ ಇನ್ನೊಬ್ಬರು ನಾಣ್ಯ ಹಿಡಿದು ಎದ್ದು ನಿಂತರು. ನಾನು ಎರಡೂ ಅಂಗೈಗಳಿಂದ ಕೊಡದ ಬಾಯಿ ಮುಚ್ಚಿ ಕೂತೆ. ಇಡೀ ಬೋಗಿ ನನ್ನನ್ನು ಧರ್ಮಕ್ಕೆ ಅಡ್ಡ ಕೂತವಳಂತೆ ನೋಡಿತು. ನೋಡಲಿ! ಸೇತುವೆ ದಾಟಿದ ಮೇಲೆ ತೋಳು ಮಡಚಿ ನಾಣ್ಯವನ್ನು ಹೊರತೆಗೆದೆ, ಜೊತೆಗೆ ತಂದಿದ್ದ ಬಾಟಲಿಯ ಹಳೆಯ ನೀರಿನಲ್ಲಿ ಸ್ಪಂಜನ್ನೂ ಬೇರನ್ನೂ ಅದ್ದಿ ತೊಳೆದೆ. ನಾಣ್ಯವನ್ನು ಹಿಂದಿರುಗಿಸಲು ಹೋದರೆ ಅಜ್ಜಿ ಮುಟ್ಟಲಿಲ್ಲ. “ತಲ್ಲಿ ದಾಟಿಸ್ತುಂದಿ ಲೇಮ್ಮಾ” ಎಂದರು. ತಾಯಿ ದಾಟಿಸುತ್ತಾಳೆ ಬಿಡಮ್ಮ ಎಂದು. ನಮ್ಮವರು ಮೀನಿನ ಪೆಟ್ಟಿಗೆಯ ಹಿಂದೆ ಮುಖ ಅಡಗಿಸಿ ನಗುತ್ತಿದ್ದರು.

ವಿಜಯವಾಡದ ಮನೆಯ ಹೊಸ್ತಿಲನ್ನು ಶಾಸ್ತ್ರೋಕ್ತವಾಗಿ ತುಂಬಿದ ಕೊಡದೊಂದಿಗೆ ದಾಟಿದೆ. ಹೊರಗೆ, ಹಳಬರು ಬೆಜವಾಡ ಎನ್ನುವ ಆ ಊರಿನ ಬೇಸಿಗೆ ಬಾಣಲೆಯಂತೆ ಕಾದಿತ್ತು. ಚೀಲಗಳನ್ನು ಬಿಚ್ಚಿದಾಗ ಒಂದು ಮೀನೂ ಒಡೆದಿರಲಿಲ್ಲ ಎಂದು ನಮ್ಮವರು ಈಗಲೂ ಹೇಳಿಕೊಳ್ಳುತ್ತಾರೆ. ತೊಟ್ಟಿಯನ್ನು ಮತ್ತೆ ಕಟ್ಟಿದೆವು. ದೀಪ ತೂಗುಹಾಕಲು ಜಾಗವಿಲ್ಲದ್ದರಿಂದ ನಾನು ಸುತ್ತಿಗೆ ತೆಗೆದುಕೊಂಡು, ಜೀವಮಾನದಲ್ಲಿ ಮೊದಲ ಬಾರಿಗೆ, ಬಾಡಿಗೆ ಮನೆಯ ಗೋಡೆಗೆ ಒಂದು ಮೊಳೆ ಹೊಡೆದೆ. ಕೆಳಗಿನ ಮನೆಯ ಮಾಲೀಕರು ಏದುಸಿರು ಬಿಡುತ್ತ ಮೇಲೆ ಬಂದು “ಮೇಕು ಕೊಟ್ಟಾರಾ?” ಎಂದರು, ಮೊಳೆ ಹೊಡೆದಿರಾ ಎಂದು. “ಕೊಟ್ಟಾನಂಡಿ” ಎಂದೆ. ಹೊಡೆದೆ, ನಿಜ, ಏನೀಗ? ಇಷ್ಟು ನೇರ ಉತ್ತರಕ್ಕೆ ಸಿದ್ಧರಾಗಿ ಬಂದಿರದ ಅವರು, ಗೋಡೆಯನ್ನೂ ನನ್ನನ್ನೂ ನೋಡಿ, ಮಜ್ಜಿಗೆ ಕುಡಿದು ಇಳಿದುಹೋದರು.

ಆ ವಾರವೇ ಕ್ರಿಪ್ಟ್ ಕರಗಲು ತೊಡಗಿತು. ಕರಗುವುದೆಂದರೆ ಬಾಡುವುದಲ್ಲ, ಹಳದಿಯಾಗುವುದಲ್ಲ. ಎಲೆ ಗಾಜಿನಂತೆ ಪಾರದರ್ಶಕವಾಗಿ, ಮುಟ್ಟಿದರೆ ಲೋಳೆಯಾಗಿ, ನೀರಿನಲ್ಲಿ ಇಲ್ಲವಾಗುವುದು. ಮೊದಲು ಹೊರಗಿನವು ಹೋದವು, ಆಮೇಲೆ ನಡುವಿನವು, ಕೊನೆಗೆ ಪೊದೆಯಿದ್ದಲ್ಲಿ ಬೋಳು ಮರಳು. ಜಾಗ ಬದಲಾದರೆ ಈ ಗಿಡ ಹೀಗೆ ಮಾಡುತ್ತದೆ, ಬೇರನ್ನು ಕೀಳದೆ ಕಾಯಬೇಕು ಎಂದು ಓದಿದ್ದೆ. ಆದರೆ ಓದಿದ್ದು ನಂಬಿಕೆಯಾಗಲು ಕಣ್ಣೆದುರಿಗೆ ಒಂದೆಲೆಯಾದರೂ ಬೇಕಲ್ಲ? ಕುಂಕುಮದಿಂದ ಹೀಗಾಯಿತೋ, ತಾಮ್ರದಿಂದಲೋ, ಸೆಕೆಯಿಂದಲೋ? ಸಹೋದ್ಯೋಗಿಯೊಬ್ಬರು, ಇಲ್ಲಿಯ ನೀರು ನಿಮ್ಮ ಗಿಡಕ್ಕೆ ಹಿಡಿಸಲಿಲ್ಲ ಮೇಡಂ ಎಂದಾಗ ಮಾತ್ರ ನಾನು ತಿರುಗಿಬಿದ್ದೆ. ನಲ್ಲಿಯಲ್ಲಿ ಬರುವುದು ಕೃಷ್ಣೆ. ಆ ಕೃಷ್ಣೆಯೊಳಗೆ ದಾವಣಗೆರೆಯ ಪಕ್ಕದಲ್ಲಿ ಹರಿದುಬಂದ ತುಂಗಭದ್ರೆಯೂ ಇದ್ದಾಳೆ. ನಮ್ಮೂರಿನ ನೀರು ನನಗಿಂತ ಮೊದಲೇ ಇಲ್ಲಿಗೆ ಬಂದಿದೆ, ಅದೂ ಯಾವ ಆದೇಶವಿಲ್ಲದೆ, ಯಾವ ಪೆಟ್ಟಿಗೆಯನ್ನೂ ಜೊತೆಗಿಟ್ಟುಕೊಳ್ಳದೆ. ಅದು ಹಿಡಿಸದೆ ಏನು?

ಆದರೂ ಒಂದು ಸಂಜೆ, ಕೊನೆಯ ಎಲೆಯ ದಂಟು ತೇಲಿ ಫಿಲ್ಟರಿಗೆ ಅಂಟಿಕೊಂಡದ್ದನ್ನು ತೆಗೆಯುತ್ತಾ, ನಾನು ಅತ್ತೆ. ಇಷ್ಟು ಮನೆಗಳನ್ನು ಬಿಟ್ಟು ಬಂದಿದ್ದೇನೆ, ಯಾವ ಮನೆಯ ಬಾಗಿಲು ಎಳೆದುಕೊಳ್ಳುವಾಗಲೂ ಅತ್ತವಳಲ್ಲ. ನಮ್ಮವರು ಪಕ್ಕದಲ್ಲಿ ಕೂತು, “ಹೋಗ್ಲಿ ಬಿಡೇ. ಪಂತ ಗಿಂತ ಏನೂ ಬ್ಯಾಡ. ಆ ಬೇರು ತೆಗೆದುಬಿಡು, ನೋಡೋಕಾಗಲ್ಲ” ಎಂದರು. ಪಂತ ಗೆದ್ದವರ ಧ್ವನಿ ಅದಾಗಿರಲಿಲ್ಲ. ಅದಕ್ಕೇ ನನಗೆ ಮತ್ತೆ ಸಿಟ್ಟು ಬಂತು, ಪುಣ್ಯಕ್ಕೆ!

ವರ್ಗಾವಣೆಯವರಿಗೆ ಉಪದೇಶವಾಗುವ ಮಂತ್ರ ಒಂದೇ: ಅಡ್ಜಸ್ಟ್ ಮಾಡಿಕೊಳ್ಳಿ. ನೀರು ಉಪ್ಪಾದರೆ ಅಡ್ಜಸ್ಟ್, ಸೆಕೆಯಾದರೆ ಅಡ್ಜಸ್ಟ್, ಭಾಷೆ ಬಾರದಿದ್ದರೆ ಅಡ್ಜಸ್ಟ್, ನಿನ್ನೆಯ ತನಕ ಸಂಜೆ ಜೊತೆಯಾಗುತ್ತಿದ್ದ ಗೆಳತಿ ಇಂದು ಫೋನಿನ ಒಂದು ಚಿತ್ರವಾದರೆ ಅದಕ್ಕೂ ಅಡ್ಜಸ್ಟ್. ನಾವು ಅದೆಷ್ಟು ಚೆನ್ನಾಗಿ ಹೊಂದಿಕೊಳ್ಳುತ್ತೇವೆಂದರೆ, ಬಿಟ್ಟು ಬಂದದ್ದಕ್ಕೆ ಒಂದು ದಿನವೂ ದುಃಖಪಡದೆ ಹಾಲು ಉಕ್ಕಿಸಿ, ಗ್ಯಾಸಿನ ಕನೆಕ್ಷನ್ನು ಬದಲಿಸಿ, ಕೆಲಸಕ್ಕೆ ಹಾಜರಾಗುತ್ತೇವೆ. ಈ ಗಿಡ ಅಡ್ಜಸ್ಟ್ ಮಾಡಿಕೊಳ್ಳಲಿಲ್ಲ. ನನ್ನನ್ನು ಕೇಳದೆ ಕಿತ್ತಿರಿ ಎಂದು ಮೈಮೇಲಿನದೆಲ್ಲವನ್ನೂ ಕಳಚಿ ಬಿಸಾಕಿತು. ಎಲ್ಲರೆದುರಿಗೆ, ದೀಪದ ಬೆಳಕಿನಲ್ಲಿ, ನಾಚಿಕೆಯಿಲ್ಲದೆ ಶೋಕಿಸಿತು. ನನಗೆ ಅದರ ಮೇಲೆ ಗೌರವ ಬಂತು. ಶೋಕಿಸುವುದಕ್ಕೂ ಬೇರು ಬೇಕು. ಪ್ಲಾಸ್ಟಿಕ್ ಬಳ್ಳಿ ಎಂದಾದರೂ ಕರಗಿದ್ದುಂಟೇ? ಬೇರನ್ನು ಕೀಳುವುದಿಲ್ಲ ಎಂದೆ. ಕೊಳೆತರೂ ಅಲ್ಲೇ ಕೊಳೆಯಲಿ, ಎರಡನೆಯ ಸಲ ಅದನ್ನು ಕದಲಿಸುವ ಪಾಪ ನನಗೆ ಬೇಡ.

ಹಾಗಾಗಿ ಆ ಬೇಸಿಗೆಯಿಡೀ ನಾನು ಬೋಳು ಮರಳನ್ನು ಸಾಕಿದೆ. ನೀರು ಕಾಯಬಾರದೆಂದು ಬಾಟಲಿಗಳಲ್ಲಿ ನೀರು ಗಟ್ಟಿಮಾಡಿ ತೊಟ್ಟಿಯಲ್ಲಿ ತೇಲಿಬಿಟ್ಟೆ; ನಮ್ಮ ಫ್ರೀಜರಿನಲ್ಲಿ ಐಸ್‌ಕ್ರೀಮಿಗೆ ಜಾಗವಿಲ್ಲದೆ ಹೋಯಿತು. ಟೇಬಲ್ ಫ್ಯಾನು ನಮ್ಮನ್ನು ಬಿಟ್ಟು ತೊಟ್ಟಿಗೆ ಗಾಳಿ ಹಾಕಿತು. ಎಲೆಯಿಲ್ಲದ ಬೇರಿಗೆ ಹೊತ್ತು ಹೊತ್ತಿಗೆ ದೀಪ ಹಚ್ಚಿ ಆರಿಸಿದೆ. ಬಂದವರು ಇಲ್ಲೂ ಬಗ್ಗಿ ಇಣುಕಿ, ಆ ಜಾಗದಲ್ಲಿ ಏನಿದೆ ಎಂದು ಕೇಳಿದರು. ಗಿಡ ಇದೆ ಎಂದೆ. ಕಾಣುವುದಿಲ್ಲವಲ್ಲ ಎಂದರು. ನಿಮಗೆ ಕಾಣುವುದಿಲ್ಲ ಎಂದೆ. ನಿಜ ಹೇಳಬೇಕೆಂದರೆ ನನಗೂ ಕಾಣುತ್ತಿರಲಿಲ್ಲ. ಆದರೆ ಅದನ್ನು ಅವರಿಗೆ ಯಾಕೆ ಹೇಳಲಿ?

ಮೊದಲ ಮಳೆ ಬಿದ್ದ ಮೇಲಿನ ಒಂದು ಸೋಮವಾರ, ಶಾಖೆಯಲ್ಲಿ ಜನ ಕಿಕ್ಕಿರಿದಿದ್ದ ಹೊತ್ತಿನಲ್ಲಿ, ಪಾಠದ ನಡುವೆ ಎಂದೂ ಫೋನು ಮುಟ್ಟದ ನಮ್ಮವರ ಫೋನು ಬಂತು. ಏನೋ ಅನಾಹುತವೆಂದೇ ಎತ್ತಿದೆ.

“ಬಂದೈತೆ ಕಣೇ,” ಎಂದರು. ಆಮೇಲೆ, “ಒಂದೇ ಒಂದು ಎಲೆ. ಸ್ವಲ್ಪ ಕೆಂಪಗೈತೆ.”

ಅಂದು ಕೌಂಟರಿನ ಮುಂದಿದ್ದವರೆಲ್ಲರಿಗೂ ನಾನು ಕಾರಣವಿಲ್ಲದೆ ನಕ್ಕೆ. ಸಂಜೆ ಆಟೋ ಇಳಿದಾಗ ನಮ್ಮ ಗೇಟಿನ ಬಳಿ ಟಿ.ವಿ.ಯ ಪೆಟ್ಟಿಗೆ, ಮಿಕ್ಸಿಯ ಪೆಟ್ಟಿಗೆ, ಗಡಿಯಾರದ ಪೆಟ್ಟಿಗೆ, ಎಲ್ಲವೂ ಮಡಚಿ, ಅಂಚಿಗೆ ಅಂಚು ಸೇರಿಸಿ, ಬಿಗಿಯಾಗಿ ದಾರ ಕಟ್ಟಿ ಗುಜರಿಯವರಿಗಾಗಿ ಕಾಯುತ್ತಿದ್ದವು. ಎಸೆಯುವ ಸಾಮಾನನ್ನೂ ಇಷ್ಟು ಅಚ್ಚುಕಟ್ಟಾಗಿ ಕಟ್ಟುವವರು ನನಗೆ ಗೊತ್ತಿರುವಂತೆ ಒಬ್ಬರೇ. ಒಳಗೆ ಅವರು ಫ್ರಿಜ್ಜಿನ ಪೆಟ್ಟಿಗೆಯ ಮೇಲೆ ಕೈಯಿಟ್ಟು ನಿಂತಿದ್ದರು. ಇದೊಂದು ಇರಲೇ ಎಂದು ಬಾಯಲ್ಲಿ ಕೇಳಲಿಲ್ಲ, ಕಣ್ಣಲ್ಲಿ ಕೇಳಿದರು. ನಾನು ಇಲ್ಲವೆಂದೆ. ಇಬ್ಬರೂ ಆಚೆಗೊಂದು ಈಚೆಗೊಂದು ಕಡೆ ಹಿಡಿದು ಮೆಟ್ಟಿಲಿಳಿಸಿದೆವು. ಒಳಗೆ ಏನೂ ಇಲ್ಲದಿದ್ದರೂ ಅದು ಭಾರವಾಗಿಯೇ ಇತ್ತು. ಮೇಲೆ ಬಂದು, ತೊಟ್ಟಿಯ ಮುಂದೆ ನೆಲದ ಮೇಲೆ ಕೂತು, ಆ ಎಲೆಯನ್ನು ನೋಡಿದೆವು. ಹಳೆಯ ಎಲೆಗಳಂತೆ ಅದು ಉದ್ದವಾಗಿಯೂ ಇರಲಿಲ್ಲ, ಹಸುರಾಗಿಯೂ ಇರಲಿಲ್ಲ. ಕೃಷ್ಣೆಯ ನೀರಿನಲ್ಲಿ ಹುಟ್ಟಿದ್ದು ಅದು. ಅದರ ಬಣ್ಣ ಅದರದ್ದು.

ಹೊಸ ವರ್ಗಾವಣೆಗಳ ಕಾಲ ಮತ್ತೆ ಹತ್ತಿರ ಬಂದಿದೆ. ಮೊನ್ನೆ ಊಟಕ್ಕೆ ಬಂದ ನಮ್ಮ ಜಾತಿಯ ದಂಪತಿ, ಚಪ್ಪಲಿ ಬಿಡುತ್ತಲೇ ಕತ್ತು ಮೇಲೆತ್ತಿ, ಖಾಲಿ ಅಟ್ಟವನ್ನು ಕಂಡು ಗಾಬರಿಯಾದರು. ಪೆಟ್ಟಿಗೆಗಳೆಲ್ಲಿ, ಆದೇಶ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದರು. ಬರಲಿ ಎಂದೆ. ಬಂದರೆ ಹೋಗುವವಳೇ ನಾನು, ಸಂಬಳದ ಋಣ ಅದು. ಆದರೆ ಅತ್ತುಕೊಂಡು ಹೋಗುತ್ತೇನೆ, ಹೋದಲ್ಲಿ ಮೊಳೆ ಹೊಡೆಯುತ್ತೇನೆ, ಕರಗುವುದು ಕರಗಲೆಂದು ಬಿಟ್ಟು ಬೇರಿಗೆ ದೀಪ ಹಚ್ಚಿ ಕೂರುತ್ತೇನೆ. ಅಟ್ಟ ಪೂರ್ತಿ ಖಾಲಿಯೇನಲ್ಲ. ಮೂಲೆಯಲ್ಲೊಂದು ಸ್ಟೀಲಿನ ಕೊಡವಿದೆ; ನಮ್ಮವರು ಧೂಳು ಒರೆಸಲು ಅದನ್ನು ಇಳಿಸಿದಾಗಲೆಲ್ಲ ಒಳಗೆ ಹಾಕಿಟ್ಟ ಅಜ್ಜಿಯ ನಾಣ್ಯ ಠಣ್ಣೆನ್ನುತ್ತದೆ.